ಬಳ್ಳಾರಿಯ ಪೂಜೆಯಲ್ಲಿ ಆರ್ಚ್‌ಬಿಷಪ್ ಹೆಸರು ಯಾಕೆ ಬರುವುದಿಲ್ಲ?

ಮುದಗಲ್, ಸಿಂಧನೂರು, ಗಂಗಾವತಿ, ಎಲ್ಲಿಯ ಕಥೋಲಿಕ ಚರ್ಚಿಗೆ ಭಾನುವಾರ ಹೋದರೂ ಪೂಜೆಯ ನಡುವೆ ಫಾದರ್ ಇಬ್ಬರ ಹೆಸರು ಹಿಡಿದು ಪ್ರಾರ್ಥಿಸುತ್ತಾರೆ. ಮೊದಲ ಹೆಸರು ಪೋಪ್ ಅವರದು. 2025ರ ಮೇ 8ರಿಂದ ಅದು ಹದಿನಾಲ್ಕನೆಯ ಲಿಯೋ. ಎರಡನೆಯದು ಈ ಊರುಗಳೆಲ್ಲ ಸೇರುವ ಬಳ್ಳಾರಿಯ ಬಿಷಪರದು. ಬೆಂಗಳೂರಿನ ಆರ್ಚ್‌ಬಿಷಪ್ ಹೆಸರು ಇವೆರಡರ ನಡುವೆ ಬರಬೇಕಿತ್ತಲ್ಲ ಎಂದು ಅನೇಕರಿಗೆ ಅನಿಸುತ್ತದೆ. ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಮುಖ್ಯಮಂತ್ರಿಗೆ ಮನವಿ ಕೊಡುವಾಗ ಕಾಣುವುದು ಅವರೇ. ಆದರೆ ಪೂಜೆಯಲ್ಲಿ ಅವರ ಹೆಸರಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಯಾಕೆಂದು ತಿಳಿದುಕೊಂಡರೆ ಕಥೋಲಿಕ ಧರ್ಮಸಭೆಯ ಆಡಳಿತದ ಅರ್ಧ ಗುಟ್ಟು ತಿಳಿದಂತೆ.

ನಮ್ಮ ಜನ ಇದನ್ನು ಸರ್ಕಾರಿ ನೌಕರಿಯ ಲೆಕ್ಕದಲ್ಲಿ ನೋಡುತ್ತಾರೆ. ತಹಶೀಲ್ದಾರರ ಮೇಲೆ ಎ.ಸಿ., ಎ.ಸಿ. ಮೇಲೆ ಡಿ.ಸಿ.; ಹಾಗೆಯೇ ಫಾದರ್ ಮೇಲೆ ಬಿಷಪ್, ಬಿಷಪ್ ಮೇಲೆ ಆರ್ಚ್‌ಬಿಷಪ್, ಅವರ ಮೇಲೆ ಪೋಪರನ್ನು ಆರಿಸುವ ಕಾರ್ಡಿನಲ್, ತುದಿಯಲ್ಲಿ ಪೋಪ್ ಎಂಬ ಏಣಿ. ಈ ಏಣಿಯಲ್ಲಿ ನಡುವಿನ ಎರಡು ಮೆಟ್ಟಿಲುಗಳೇ ಇಲ್ಲ. ದೀಕ್ಷೆಯ ಲೆಕ್ಕದಲ್ಲಿ ಇರುವುದು ಮೂರೇ ಹಂತ: ಉಪಯಾಜಕ, ಗುರು (ಅಂದರೆ ಫಾದರ್), ಬಿಷಪ್. ಬಿಷಪರಾದ ಮೇಲೆ ಇನ್ನೊಂದು ದೀಕ್ಷೆ ಇಲ್ಲ. ಬಿಷಪ್ ದೀಕ್ಷೆಯಲ್ಲಿ ಶುಭಸಂದೇಶದ ಪುಸ್ತಕವನ್ನು ತಲೆಯ ಮೇಲೆ ಬಿಚ್ಚಿ ಹಿಡಿಯುತ್ತಾರೆ, ತಲೆಗೆ ಕ್ರಿಸ್ಮ ಎಂಬ ಪವಿತ್ರ ತೈಲ ಸುರಿಯುತ್ತಾರೆ, ಉಂಗುರ ತೊಡಿಸಿ, ಮುಕುಟವಿಟ್ಟು, ಕೈಗೆ ದಂಡ ಕೊಡುತ್ತಾರೆ. ದೀಕ್ಷೆ ಕೊಡುವವರು ಕನಿಷ್ಠ ಮೂವರು ಬಿಷಪರು. ಅದೇ ವ್ಯಕ್ತಿ ಮುಂದೆ ಆರ್ಚ್‌ಬಿಷಪ್ ಆದಾಗ ಇದ್ಯಾವುದೂ ಮರುಕಳಿಸುವುದಿಲ್ಲ. ಹೊಸ ಪೀಠದಲ್ಲಿ ಕೂರಿಸುತ್ತಾರೆ, ಆಮೇಲೆ ಕೊರಳಿಗೆ ಒಂದು ಉಣ್ಣೆಯ ಪಟ್ಟಿ ಬರುತ್ತದೆ. ಅಷ್ಟೇ.

ಆ ಪಟ್ಟಿಯನ್ನು ಹತ್ತಿರದಿಂದ ನೋಡಬೇಕು. ಅದರ ಹೆಸರು ಪಾಲಿಯಂ. ಕುರಿಮರಿಯ ಬಿಳಿ ಉಣ್ಣೆಯಲ್ಲಿ ನೇಯ್ದ, ಕೈಬೆರಳುಗಳಷ್ಟು ಅಗಲದ ಪಟ್ಟಿ. ಅದರ ಮೇಲೆ ಆರು ಕಪ್ಪು ಶಿಲುಬೆ. ಪೂಜೆಯ ಮೇಲಂಗಿಯ ಮೇಲೆ ಹೆಗಲು ಸುತ್ತಿ ಬರುತ್ತದೆ, ಮುಂದೊಂದು ಹಿಂದೊಂದು ತುದಿ ಇಳಿಬಿದ್ದಿರುತ್ತದೆ. ಜನವರಿ 21ರ ಸಂತ ಆಗ್ನೆಸ್ ಹಬ್ಬದಂದು ರೋಮ್‌ನಲ್ಲಿ ಕುರಿಮರಿಗಳನ್ನು ಆಶೀರ್ವದಿಸುವ ವಾಡಿಕೆಯಿದೆ. ಜೂನ್ 29ರ ಸಂತ ಪೇತ್ರ–ಪೌಲರ ಹಬ್ಬದಂದು ಪೋಪ್ ಪಾಲಿಯಂಗಳನ್ನು ಆಶೀರ್ವದಿಸುತ್ತಾರೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಒಂದು ಬದಲಾವಣೆ ತಂದಿದ್ದರು: ಪಾಲಿಯಂ ರೋಮ್‌ನಲ್ಲಿ ಕೈಗೆ ಬರಲಿ, ಕೊರಳಿಗೆ ಹಾಕುವುದು ಅವರವರ ಊರಿನಲ್ಲಿ ಸ್ವಂತ ಜನರ ಎದುರಿಗೇ ಆಗಲಿ ಎಂದು. 2025ರ ಜೂನ್ 29ರಂದು ಪೋಪ್ ಲಿಯೋ ಹಳೆಯ ಪದ್ಧತಿಗೆ ಮರಳಿ ತಾವೇ ತೊಡಿಸಿದರು. ಫ್ರಾನ್ಸಿಸ್ ಅವರ ಕ್ರಮವೇ ಚೆನ್ನಾಗಿತ್ತು ಎಂಬುದು ನಮ್ಮ ಅನಿಸಿಕೆ. ರೋಮ್‌ಗೆ ಹೋಗಿ ನೋಡುವ ಭಾಗ್ಯ ಎಷ್ಟು ಜನರಿಗಿದೆ?

ಈ ಪಟ್ಟಿಗೂ ಒಂದು ಗಡಿಯಿದೆ. ಆರ್ಚ್‌ಬಿಷಪ್ ಅದನ್ನು ತಮ್ಮ ಪ್ರಾಂತ್ಯದ ಯಾವ ಚರ್ಚಿನಲ್ಲಾದರೂ ತೊಡಬಹುದು. ಒಬ್ಬ ಬಿಷಪರ ಆಡಳಿತದ ಸೀಮೆ ಧರ್ಮಕ್ಷೇತ್ರ; ಅಂಥ ಕೆಲವು ಸೇರಿದರೆ ಪ್ರಾಂತ್ಯ. ಪ್ರಾಂತ್ಯ ದಾಟಿದರೆ, ಅಲ್ಲಿಯ ಬಿಷಪ್ ಒಪ್ಪಿದರೂ, ತೊಡುವಂತಿಲ್ಲ. ಬೆಂಗಳೂರು ಪ್ರಾಂತ್ಯದಲ್ಲಿ ಲ್ಯಾಟಿನ್ ಪದ್ಧತಿಯ (ರೋಮ್‌ನ ಆರಾಧನಾ ಕ್ರಮದ) ಹತ್ತು ಧರ್ಮಕ್ಷೇತ್ರಗಳಿವೆ: ಬೆಂಗಳೂರು, ಬಳ್ಳಾರಿ, ಬೆಳಗಾವಿ, ಕಲಬುರಗಿ, ಚಿಕ್ಕಮಗಳೂರು, ಕಾರವಾರ, ಮಂಗಳೂರು, ಮೈಸೂರು, ಶಿವಮೊಗ್ಗ, ಉಡುಪಿ. ಹಾಗಾಗಿ ಬೆಂಗಳೂರಿನ ಆರ್ಚ್‌ಬಿಷಪ್ ಬಳ್ಳಾರಿಗೆ ಬಂದರೆ ಪಾಲಿಯಂ ತೊಟ್ಟು ಪೂಜೆ ಮಾಡಬಹುದು. ರಾಯಚೂರಿಗೆ ಇನ್ನೂ ಹತ್ತಿರದ ಹೈದರಾಬಾದಿನ ಆರ್ಚ್‌ಬಿಷಪ್ ಬಂದರೆ, ಅವರು ಕಾರ್ಡಿನಲ್ಲೇ ಆಗಿದ್ದರೂ, ಪಾಲಿಯಂ ಪೆಟ್ಟಿಗೆಯಲ್ಲೇ ಇರಬೇಕು. ತುಂಗಭದ್ರೆಯ ಆ ದಂಡೆಗೊಂದು ಕಾನೂನು, ಈ ದಂಡೆಗೊಂದು.

ಆರ್ಚ್‌ಬಿಷಪ್ ಕೈಯಲ್ಲಿ ಏನಿದೆ, ಏನಿಲ್ಲ

ತಮ್ಮ ಸ್ವಂತ ಧರ್ಮಕ್ಷೇತ್ರದಲ್ಲಿ ಆರ್ಚ್‌ಬಿಷಪ್ ಪೂರ್ಣಾಧಿಕಾರದ ಬಿಷಪ್. ಬೆಂಗಳೂರಿನ ಫಾದರ್‌ಗಳ ವರ್ಗಾವಣೆ, ಹೊಸ ಧರ್ಮಕೇಂದ್ರ (ಪ್ಯಾರಿಷ್), ಸಂಸ್ಥೆಗಳ ಲೆಕ್ಕಪತ್ರ ಎಲ್ಲ ಅವರ ಅಧೀನ. ಬಳ್ಳಾರಿಯಲ್ಲಿ ಇವಾವುದೂ ಅವರಿಗಿಲ್ಲ. ಅಲ್ಲಿಯ ಪೂಜೆಯಲ್ಲಿ ಅವರ ಹೆಸರು ಬರದಿರುವುದೂ ಇದಕ್ಕೇ. ಧರ್ಮಸಭೆಯ ಕಾನೂನು ಸಂಹಿತೆಯ 436ನೆಯ ವಿಧಿ ಇದನ್ನು ನೇರವಾಗಿ ಹೇಳುತ್ತದೆ: ಅಲ್ಲಿ ಪಟ್ಟಿ ಮಾಡಿದ ಕೆಲಸಗಳನ್ನು ಬಿಟ್ಟರೆ ಅಧೀನ ಧರ್ಮಕ್ಷೇತ್ರಗಳಲ್ಲಿ ಆರ್ಚ್‌ಬಿಷಪರಿಗೆ ಬೇರೆ ಯಾವ ಆಡಳಿತಾಧಿಕಾರವೂ ಇಲ್ಲ. ವಿಶ್ವಾಸ, ಶಿಸ್ತು ಸರಿಯಾಗಿ ಪಾಲನೆಯಾಗುತ್ತಿದೆಯೇ ಎಂದು ಕಣ್ಣಿಟ್ಟಿರಬೇಕು, ದುರುಪಯೋಗ ಕಂಡರೆ ಪೋಪರಿಗೆ ತಿಳಿಸಬೇಕು. ತಾವೇ ಕ್ರಮ ಕೈಗೊಳ್ಳುವಂತಿಲ್ಲ. ಬಿಷಪ್ ಐದು ವರ್ಷಕ್ಕೊಮ್ಮೆಯಾದರೂ ತಮ್ಮ ಧರ್ಮಕ್ಷೇತ್ರವನ್ನೆಲ್ಲ ಸಂದರ್ಶಿಸಬೇಕು. ಅದನ್ನು ಅಲಕ್ಷಿಸಿದರೆ ರೋಮ್‌ನ ಒಪ್ಪಿಗೆ ಪಡೆದು ಆರ್ಚ್‌ಬಿಷಪ್ ಹೋಗಿ ಸಂದರ್ಶನ ಮುಗಿಸಬಹುದು. ಬಿಷಪ್ ಸಕಾರಣವಿಲ್ಲದೆ ಆರು ತಿಂಗಳಿಗಿಂತ ಹೆಚ್ಚು ಧರ್ಮಕ್ಷೇತ್ರ ಬಿಟ್ಟಿದ್ದರೆ ರೋಮ್‌ಗೆ ವರದಿ ಮಾಡಬೇಕು. 2019ರ ಜೂನ್‌ನಿಂದ ಜಾರಿಗೆ ಬಂದು 2023ರಲ್ಲಿ ಕಾಯಂ ಆದ ನಿಯಮಗಳ ಪ್ರಕಾರ, ಲೈಂಗಿಕ ದೌರ್ಜನ್ಯ ಅಥವಾ ಅದನ್ನು ಮುಚ್ಚಿಹಾಕಿದ ಆರೋಪ ಬಿಷಪ್ ಮೇಲೆಯೇ ಬಂದರೆ ವಿಚಾರಣೆಯ ಮೊದಲ ಹೊಣೆ ಸಾಮಾನ್ಯವಾಗಿ ಆರ್ಚ್‌ಬಿಷಪರದು. ಈಚಿನ ವರ್ಷಗಳಲ್ಲಿ ಆ ಹುದ್ದೆಗೆ ಬಂದ ನಿಜವಾದ ಹೊಸ ಬಲ ಇದೊಂದೇ ಎನ್ನಬೇಕು. ಇಲ್ಲಿಯೂ ತೀರ್ಪು ಕೊಡುವುದು ರೋಮ್.

ಸಾಮಾನ್ಯ ಕುಟುಂಬಕ್ಕೆ ಆರ್ಚ್‌ಬಿಷಪ್ ಪೀಠ ತಾಗುವ ಜಾಗ ಒಂದಿದೆ, ಅದು ಮದುವೆಯ ಮೊಕದ್ದಮೆ. ಬಳ್ಳಾರಿಯ ಧರ್ಮಸಭಾ ನ್ಯಾಯಮಂಡಳಿ ಒಂದು ಮದುವೆಯನ್ನು ಅಸಿಂಧು ಎಂದೋ ಸಿಂಧು ಎಂದೋ ಹೇಳಿದರೆ, ಒಪ್ಪದವರು ಮೇಲ್ಮನವಿ ಹಾಕಬೇಕಾದದ್ದು ಸಾಮಾನ್ಯವಾಗಿ ಪ್ರಾಂತ್ಯದ ನ್ಯಾಯಮಂಡಳಿಗೆ, ಅಂದರೆ ಬೆಂಗಳೂರಿಗೆ. 2015ರ ಡಿಸೆಂಬರ್ 8ರವರೆಗೆ ಅಸಿಂಧು ಎಂಬ ತೀರ್ಪಿಗೆ ಎರಡು ಮಂಡಳಿಗಳೂ ಹೂಂ ಅನ್ನಬೇಕಿತ್ತು. ಈಗ ಯಾರೂ ಮೇಲ್ಮನವಿ ಹಾಕದಿದ್ದರೆ ಮೊದಲ ತೀರ್ಪೇ ಸಾಕು. ಇಲ್ಲಿ ಜನ ತಪ್ಪು ಮಾಡುವುದು ಬೇರೆ ಕಡೆ. ಚರ್ಚಿನ ತೀರ್ಪು ಕೈಗೆ ಬಂತು, ಇನ್ನು ಮರುಮದುವೆ ಆಗಬಹುದು ಎಂದುಕೊಳ್ಳುತ್ತಾರೆ. ಸಿವಿಲ್ ಕೋರ್ಟಿನ ವಿಚ್ಛೇದನವಿಲ್ಲದೆ ಅದು ಅಪರಾಧವಾಗುತ್ತದೆ. ಚರ್ಚಿನ ತೀರ್ಪನ್ನು ಸಿವಿಲ್ ವಿಚ್ಛೇದನಕ್ಕೆ ಸಮ ಎಂದು ಒಪ್ಪಲು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ನಿರಾಕರಿಸಿತು. ಎರಡೂ ಕಾಗದ ಬೇಕು, ಒಂದು ಇನ್ನೊಂದಕ್ಕೆ ಬದಲಲ್ಲ.

ಹಾಗಾದರೆ ಇಡೀ ಕರ್ನಾಟಕದ ಕಥೋಲಿಕರ ಪರವಾಗಿ ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾಡೊ ಮಾತಾಡುವುದು ಹೇಗೆ? ಅದು ಪಾಲಿಯಂನಿಂದ ಬಂದ ಅಧಿಕಾರವಲ್ಲ. ರಾಜ್ಯದ ಬಿಷಪರೆಲ್ಲ ಸೇರಿದ ಪ್ರಾದೇಶಿಕ ಮಂಡಳಿಯೊಂದಿದೆ, ಅದರ ಅಧ್ಯಕ್ಷರಾಗಿ ಮಾತಾಡುತ್ತಾರೆ. ಅದರಲ್ಲಿ ಕೇರಳ ಮೂಲದ ಸಿರೋ-ಮಲಬಾರ್, ಸಿರೋ-ಮಲಂಕರ ಪದ್ಧತಿಯ ಬಿಷಪರೂ ಇದ್ದಾರೆ. ಅವರು ಬೆಂಗಳೂರಿನ ಲ್ಯಾಟಿನ್ ಪ್ರಾಂತ್ಯಕ್ಕೆ ಸೇರಿದವರೇ ಅಲ್ಲ. 2021ರ ಡಿಸೆಂಬರ್‌ನಲ್ಲಿ ಮತಾಂತರ ತಡೆ ಮಸೂದೆ ವಿಧಾನಸಭೆಯಲ್ಲಿ ಪಾಸಾದಾಗ ವಿರೋಧದ ದನಿಯಾದವರು ಮಚಾಡೊ. ಕ್ರೈಸ್ತರ ಮೇಲಿನ ಹಲ್ಲೆಗಳ ವಿಷಯವಾಗಿ 2022ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲೂ ಅವರ ಹೆಸರೇ ಮೊದಲು. ಆದರೆ ಆ ಕಾಯ್ದೆ ಕೇಳುವ ನಮೂನೆಗಳು, ಮತಾಂತರಕ್ಕೆ 30 ದಿನ ಮುಂಚೆ ಕೊಡಬೇಕಾದ ಘೋಷಣೆ, ಸೇರಬೇಕಾದದ್ದು ಜಿಲ್ಲಾ ಮ್ಯಾಜಿಸ್ಟ್ರೇಟರ ಕಚೇರಿಗೆ. ಕೊಪ್ಪಳದ ಒಂದು ಹಳ್ಳಿಯಲ್ಲಿ ಉಪದೇಶಿಯನ್ನು ಠಾಣೆಗೆ ಕರೆದರೆ ಅವತ್ತು ಸಂಜೆ ವಕೀಲರನ್ನು ಹುಡುಕಬೇಕಾದವರು ಅಲ್ಲಿಯ ಫಾದರ್ ಮತ್ತು ಬಳ್ಳಾರಿಯ ಬಿಷಪ್ ಕಚೇರಿ. ಬೆಂಗಳೂರು ಹೇಳಿಕೆ ಕೊಡಬಹುದು, ಜಾಮೀನಿಗೆ ನಿಲ್ಲುವುದು ಇಲ್ಲಿಯವರೇ.

ಒಬ್ಬರು ಆರ್ಚ್‌ಬಿಷಪ್ ಆಗಲು ಎಷ್ಟು ವರ್ಷ

ನಮ್ಮ ಕಡೆಯ ಕಣ್ಣಿಗೆ ಹತ್ತಿರದ ಉದಾಹರಣೆ ಎಂದರೆ ಹೈದರಾಬಾದಿನ ಕಾರ್ಡಿನಲ್ ಆಂಟನಿ ಪೂಲ. ಹುಟ್ಟಿದ್ದು 1961ರ ನವೆಂಬರ್ 15ರಂದು, ಕರ್ನೂಲು ಸೀಮೆಯ ಪೋಲೂರಿನಲ್ಲಿ. ದಲಿತ ಕುಟುಂಬ, ಬಡತನ. ಓದಿದ್ದು ನಮ್ಮ ರಾಜ್ಯದಲ್ಲೇ, ಫಾದರ್‌ಗಳನ್ನು ತಯಾರು ಮಾಡುವ ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಯಲ್ಲಿ. 1992ರ ಫೆಬ್ರವರಿಯಲ್ಲಿ ಕಡಪ ಧರ್ಮಕ್ಷೇತ್ರಕ್ಕೆ ಗುರುದೀಕ್ಷೆ. 2008ರಲ್ಲಿ ಕರ್ನೂಲಿನ ಬಿಷಪ್. ಆ ಧರ್ಮಕ್ಷೇತ್ರ ರಾಯಚೂರು, ಬಳ್ಳಾರಿ ಎರಡರ ಗಡಿಗೂ ತಾಗಿದೆ, ಮಂತ್ರಾಲಯ, ಆದೋನಿ ಎಲ್ಲ ಆ ಜಿಲ್ಲೆಯವೇ. 2020ರ ನವೆಂಬರ್‌ನಲ್ಲಿ ಹೈದರಾಬಾದ್ ಆರ್ಚ್‌ಬಿಷಪ್ ಆಗಿ ನೇಮಕ. 2022ರ ಆಗಸ್ಟ್ 27ರಂದು ಕಾರ್ಡಿನಲ್. ದಲಿತ ಸಮುದಾಯದಿಂದ ಆ ಸ್ಥಾನಕ್ಕೆ ಬಂದ ಮೊದಲಿಗರು, ತೆಲುಗರಲ್ಲೂ ಮೊದಲಿಗರು. 2025ರ ಮೇ 7, 8ರಂದು ಹೊಸ ಪೋಪರನ್ನು ಆರಿಸಲು ಬಾಗಿಲು ಹಾಕಿಕೊಂಡ 133 ಮಂದಿಯಲ್ಲಿ ಭಾರತದ ನಾಲ್ವರಿದ್ದರು, ಅವರಲ್ಲಿ ಇವರೊಬ್ಬರು.

ವಯಸ್ಸು ಲೆಕ್ಕ ಹಾಕಿ: ಗುರುವಾದಾಗ 30, ಬಿಷಪ್ ಆದಾಗ 46, ಆರ್ಚ್‌ಬಿಷಪ್ ಆದಾಗ 59. ಪೀಟರ್ ಮಚಾಡೊ ಅವರದೂ ಹೀಗೇ. 1954ರ ಮೇ 26ರಂದು ಹೊನ್ನಾವರದಲ್ಲಿ ಜನನ, 1978ರ ಡಿಸೆಂಬರ್ 8ರಂದು 24ನೆಯ ವಯಸ್ಸಿನಲ್ಲಿ ಗುರು. ಆಗಿನ್ನೂ 1917ರ ಸಂಹಿತೆ ನಡೆಯುತ್ತಿತ್ತು, 24 ತುಂಬಿದರೆ ಸಾಕಿತ್ತು. 1983ರ ಸಂಹಿತೆ ಅದನ್ನು 25ಕ್ಕೆ ಏರಿಸಿತು. 2006ರಲ್ಲಿ 51ಕ್ಕೆ ಬೆಳಗಾವಿಯ ಬಿಷಪ್, 2018ರಲ್ಲಿ 63ಕ್ಕೆ ಬೆಂಗಳೂರಿನ ಆರ್ಚ್‌ಬಿಷಪ್. ಅವರ ಹಿಂದಿನ ಬರ್ನಾರ್ಡ್ ಮೊರಾಸ್ ಕೂಡ 1996ರಿಂದ ಬೆಳಗಾವಿಯ ಬಿಷಪ್ ಆಗಿದ್ದು 2004ರಲ್ಲಿ ಬೆಂಗಳೂರಿಗೆ ಬಂದವರು. ಅವರಿಗೂ ಹಿಂದೆ ಇಗ್ನೇಷಿಯಸ್ ಪಿಂಟೊ ಶಿವಮೊಗ್ಗದಿಂದ, ಅಲ್ಫಾನ್ಸಸ್ ಮಥಾಯಸ್ ಚಿಕ್ಕಮಗಳೂರಿನಿಂದ. 1986ರಿಂದ ಈಚೆಗೆ ಬೆಂಗಳೂರು ಪೀಠಕ್ಕೆ ಬಂದ ನಾಲ್ವರೂ ರಾಜ್ಯದ ಬೇರೆ ಧರ್ಮಕ್ಷೇತ್ರದಲ್ಲಿ ಬಿಷಪರಾಗಿ ಪಳಗಿ ಬಂದವರು. ಬಳ್ಳಾರಿಯಿಂದ, ಕಲಬುರಗಿಯಿಂದ ಒಬ್ಬರೂ ಇಲ್ಲ.

ಕಲ್ಯಾಣ ಕರ್ನಾಟಕಕ್ಕೆ ಇನ್ನೊಂದು ಅನ್ಯಾಯ ಎಂದು ಇದನ್ನು ಬರೆದುಬಿಡುವುದು ಸುಲಭ. ಕಾರಣ ಮಾತ್ರ ಅಷ್ಟು ಸುಲಭದ್ದಲ್ಲ. ಬಳ್ಳಾರಿ ಧರ್ಮಕ್ಷೇತ್ರ ಹುಟ್ಟಿದ್ದೇ 1949ರ ಮಾರ್ಚ್ 10ರಂದು. ಮೊದಲ ಬಿಷಪ್ ಜಾನ್ ಫಾರೆಸ್ಟ್ ಹೋಗನ್, ನಂತರದ ಆಂಬ್ರೋಸ್ ಪಾಪಯ್ಯ ಯೆದ್ದನಪಲ್ಲಿ, ಇಬ್ಬರೂ ಫ್ರಾನ್ಸಿಸ್ಕನ್ ಸನ್ಯಾಸಿ ಸಭೆಯವರು. ಮಿಷನ್ ಕಾಲದ ಆಡಳಿತ. ಮುಂದೆ ಜೋಸೆಫ್ ಡಿಸಿಲ್ವಾ, 2008ರಿಂದ ಹೆನ್ರಿ ಡಿಸೋಜ. ನೆಲವೂ ಹರಿದು ಹಂಚಿಹೋದ ನೆಲ. ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂತು. ಬೆಂಗಳೂರು ಮಹಾಧರ್ಮಕ್ಷೇತ್ರವಾದದ್ದು ಅದಕ್ಕೆ ಹನ್ನೆರಡು ದಿನ ಮುಂಚೆ, ಸೆಪ್ಟೆಂಬರ್ 19ರಂದು. ಇಂದಿನ ಕೊಪ್ಪಳವೂ ಸೇರಿದ್ದ ಅಂದಿನ ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಮುದಗಲ್‌ನ ಕಥೋಲಿಕರಂತೂ ಆದಿಲಶಾಹಿ ಕಾಲದವರು, ಗೋವೆಯ ಪಾದ್ರಿಗಳ ಕಡೆಯಿಂದ ಬಂದ ವಿಶ್ವಾಸ. ಹೀಗೆ ಒಂದೇ ಧರ್ಮಕ್ಷೇತ್ರದಲ್ಲಿ ಕನ್ನಡ, ತೆಲುಗು, ತಮಿಳು ಪೂಜೆ ಕೇಳಿ ಬೆಳೆದ ಮೂರು ಬಗೆಯ ಜನ. ಕರಾವಳಿಯಲ್ಲಿ ಮಂಗಳೂರು ಧರ್ಮಕ್ಷೇತ್ರ 1880ರ ದಶಕದಿಂದ ಇದೆ. ಅಲ್ಲಿ ಮನೆಗೊಬ್ಬ ಫಾದರ್, ಮನೆಗೊಬ್ಬ ಸಿಸ್ಟರ್ ಎಂಬಂತೆ ತಲೆಮಾರುಗಳು ಕಳೆದಿವೆ.

ಬಿಷಪ್ ಆಗುವವರ ಹೆಸರಿನ ಪಟ್ಟಿಗೆ ಸೇರಲು ಸಂಹಿತೆ ಹೇಳುವ ಅರ್ಹತೆಗಳಲ್ಲಿ ಮೂರು ಅಳೆಯಬಹುದಾದವು: ಕನಿಷ್ಠ 35 ವರ್ಷ, ಗುರುವಾಗಿ ಕನಿಷ್ಠ 5 ವರ್ಷ, ಜೊತೆಗೆ ಬೈಬಲ್, ದೈವಶಾಸ್ತ್ರ ಅಥವಾ ಧರ್ಮಸಭಾ ಕಾನೂನಿನಲ್ಲಿ ಲೈಸೆನ್ಶಿಯೇಟ್ (ಸ್ನಾತಕೋತ್ತರ ಮಟ್ಟದ ಪದವಿ) ಇಲ್ಲವೇ ಡಾಕ್ಟರೇಟ್, ಪದವಿಯಿಲ್ಲದಿದ್ದರೆ ಆ ವಿಷಯದಲ್ಲಿ ನಿಜವಾದ ಪಾಂಡಿತ್ಯವಾದರೂ ಇರಬೇಕು. ಮೊದಲೆರಡು ತಾನಾಗಿ ಆಗುತ್ತವೆ. ತೊಡಕಿರುವುದು ಮೂರನೆಯದರಲ್ಲಿ. ಮಾನ್ವಿ ಕಡೆಯ ಒಬ್ಬ ಹುಡುಗ ಪಿಯುಸಿ ಮುಗಿಸಿ 18ಕ್ಕೆ ಸೆಮಿನರಿ ಸೇರಿದ ಅಂದುಕೊಳ್ಳಿ. ಇಂಗ್ಲಿಷ್ ಮತ್ತು ತಯಾರಿಗೆ ಒಂದೆರಡು ವರ್ಷ, ಪದವಿ, ತತ್ವಶಾಸ್ತ್ರ, ನಡುವೆ ಒಂದು ವರ್ಷ ಯಾವುದಾದರೂ ಧರ್ಮಕೇಂದ್ರದಲ್ಲೋ ಹಾಸ್ಟೆಲ್‌ನಲ್ಲೋ ಕೆಲಸ, ಆಮೇಲೆ ನಾಲ್ಕು ವರ್ಷ ದೈವಶಾಸ್ತ್ರ, ಉಪಯಾಜಕನಾಗಿ ಕನಿಷ್ಠ ಆರು ತಿಂಗಳು. 29, 30ಕ್ಕೆ ಗುರುದೀಕ್ಷೆ. ಅಷ್ಟರಲ್ಲಿ ಜೊತೆಗೆ ಸೇರಿದವರಲ್ಲಿ ಅನೇಕರು ಮನೆಗೆ ಮರಳಿರುತ್ತಾರೆ. ಹೆಚ್ಚಿನವರನ್ನು ಸೋಲಿಸುವುದು ಇಂಗ್ಲಿಷು. ಕನ್ನಡ ಮಾಧ್ಯಮದಿಂದ ಬಂದ ಹುಡುಗ ತತ್ವಶಾಸ್ತ್ರದ ಮೊದಲ ವರ್ಷದಲ್ಲಿ ತನಗೆ ಬುದ್ಧಿಯಿಲ್ಲ ಎಂದೇ ನಂಬಿಬಿಡುತ್ತಾನೆ. ಅವನಿಗೆ ಇಲ್ಲದ್ದು ಬುದ್ಧಿಯಲ್ಲ, ಬರೀ ಶಬ್ದಸಂಪತ್ತು.

ಗುರುವಾದ ಮೇಲೆ ಕಾನೂನಿನ ಲೈಸೆನ್ಶಿಯೇಟ್‌ಗೆ ಮತ್ತೆ ಮೂರು ವರ್ಷ ಬೇಕು. ಬೆಂಗಳೂರಿನಲ್ಲೇ ಓದಬಹುದು, ರೋಮ್‌ಗೂ ಹೋಗಬಹುದು. ಆದರೆ ಫಾದರ್‌ಗಳೇ ಕಡಿಮೆಯಿರುವ, ಒಬ್ಬೊಬ್ಬರು ನಾಲ್ಕೈದು ಹಳ್ಳಿ ಸುತ್ತುವ ಧರ್ಮಕ್ಷೇತ್ರದಲ್ಲಿ ಒಬ್ಬ ಚುರುಕಾದ ಯುವ ಗುರುವನ್ನು ಮೂರು ವರ್ಷ ಬಿಟ್ಟುಕೊಡುವುದು ಬಿಷಪರಿಗೆ ಕಷ್ಟ. ಅವನನ್ನು ಶಾಲೆಯ ಆಡಳಿತಕ್ಕೆ ಹಾಕುತ್ತಾರೆ. ಶಾಲೆ ಚೆನ್ನಾಗಿ ನಡೆಯುತ್ತದೆ, ಅವನು 45 ದಾಟುತ್ತಾನೆ. ಮುಂದೆ ಹೆಸರುಗಳನ್ನು ಕೇಳಿದಾಗ ಓದಿನ ಅಂಕಣ ಖಾಲಿ. ಸ್ಥಳೀಯರು ಯಾಕೆ ಬಿಷಪ್ ಆಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ನೇಮಕದ ದಿನ ದೆಹಲಿಯಲ್ಲೋ ರೋಮ್‌ನಲ್ಲೋ ಹುಡುಕಿದರೆ ಸಿಗದು. ಹದಿನೈದು ವರ್ಷ ಹಿಂದಿನ ಇಂಥ ವರ್ಗಾವಣೆ ಪತ್ರಗಳಲ್ಲಿ ಸಿಗುತ್ತದೆ. ಇದು ಈ ಲೇಖನದ ಮುಖ್ಯ ಮಾತು.

ಇದರ ಜೊತೆ ಜಾತಿಯ ಪ್ರಶ್ನೆಯನ್ನು ಮುಚ್ಚಿಡಬಾರದು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಲ್ಲಿ ದಲಿತ ಕೇರಿಗಳಿಂದ ಬಂದ ಕಥೋಲಿಕ ಕುಟುಂಬಗಳು ಗಣನೀಯವಾಗಿವೆ. 1950ರ ಪರಿಶಿಷ್ಟ ಜಾತಿ ಆದೇಶದ ಮೂರನೆಯ ಕಲಮು ಹಿಂದೂ, ಸಿಖ್, ಬೌದ್ಧರನ್ನು ಬಿಟ್ಟು ಬೇರೆಯವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡುವುದಿಲ್ಲ. ಈ ವಿಷಯ ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಜಾತಿ ಸಮೀಕ್ಷೆಯಲ್ಲಿ ಜಾತಿಯ ಹೆಸರಿನ ಮುಂದೆ ಕ್ರಿಶ್ಚಿಯನ್ ಎಂದು ಸೇರಿಸಿದ ಹೆಸರುಗಳು ದೊಡ್ಡ ವಿವಾದವಾದದ್ದೂ ಗೊತ್ತಿರುವುದೇ. ಸಮೀಕ್ಷಕರು ಬಾಗಿಲಿಗೆ ಬಂದಾಗ ಏನು ಬರೆಸಬೇಕು ಎಂದು ಕೈಚೆಲ್ಲಿ ಕೂತ ಮನೆಗಳು ಇಲ್ಲಿವೆ: ಹುಡುಗನ ಟಿ.ಸಿ.ಯಲ್ಲಿ ಒಂದು, ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಇನ್ನೊಂದು. ಧರ್ಮಸಭೆಯೊಳಗೂ ಬೇನೆಯಿದೆ. ಭಾರತದ ಬಿಷಪರ ಒಕ್ಕೂಟ 2016ರ ಡಿಸೆಂಬರ್‌ನಲ್ಲಿ ದಲಿತ ಸಬಲೀಕರಣ ನೀತಿ ಹೊರಡಿಸಿ, ತನ್ನ ಅಂಗಳದಲ್ಲಿ ಅಸ್ಪೃಶ್ಯತೆ ಉಳಿದಿದೆ ಎಂಬುದನ್ನು ಒಪ್ಪಿಕೊಂಡಿತು. ಪೂಲ ಅವರ ನೇಮಕ ಕರ್ನೂಲಿನ ಆಚೆಗೂ, ನಮ್ಮ ಕೇರಿಗಳಲ್ಲಿಯೂ, ಕಣ್ಣು ತುಂಬಿಸಿದ್ದು ಈ ಕಾರಣಕ್ಕೆ. ಆದರೆ ಅವರ ಬದುಕು ಹೇಳುವುದನ್ನೂ ಗಮನಿಸಬೇಕು: ಬಡವರ ಹುಡುಗನನ್ನು ಓದು ಬಿಡಲು ಬಿಡದೆ ಸೆಮಿನರಿಯವರೆಗೆ ಮುಟ್ಟಿಸಿದವರು ಯಾರೋ ಇದ್ದರು.

ಹೆಸರು ಹೇಗೆ ಬರುತ್ತದೆ

ಮಠಗಳ ಪದ್ಧತಿ ನಮ್ಮ ಜನರಿಗೆ ಚೆನ್ನಾಗಿ ಗೊತ್ತು. ಉಜ್ಜಿನಿ ಇರಲಿ, ಕೊಪ್ಪಳದ ಗವಿಮಠ ಇರಲಿ, ಮಠದ ಪರಂಪರೆಯಲ್ಲಿ ಹಿರಿಯ ಶ್ರೀಗಳು ಉತ್ತರಾಧಿಕಾರಿಯನ್ನು ಗುರುತಿಸಿ ಬೆಳೆಸುವುದುಂಟು, ಭಕ್ತರ ಸಮ್ಮುಖದಲ್ಲಿ ಪಟ್ಟಾಧಿಕಾರ ನಡೆಯುತ್ತದೆ. ಬಿಷಪ್ ಹಾಗೆ ಯಾರನ್ನೂ ನೇಮಿಸುವಂತಿಲ್ಲ. ಮೂರು ವರ್ಷಕ್ಕೊಮ್ಮೆಯಾದರೂ ಪ್ರಾಂತ್ಯದ ಬಿಷಪರು ಸೇರಿ ಯೋಗ್ಯ ಗುರುಗಳ ಹೆಸರು ಗುಟ್ಟಾಗಿ ಕಳಿಸುತ್ತಾರೆ. ಸ್ಥಾನ ಖಾಲಿಯಾದಾಗ ದೆಹಲಿಯಲ್ಲಿರುವ ಪೋಪರ ರಾಯಭಾರಿ ವಿಚಾರಣೆ ನಡೆಸುತ್ತಾರೆ: ಆರ್ಚ್‌ಬಿಷಪ್, ಪ್ರಾಂತ್ಯದ ಬಿಷಪರು, ಬಿಷಪರ ಒಕ್ಕೂಟದ ಅಧ್ಯಕ್ಷರು, ಧರ್ಮಕ್ಷೇತ್ರದ ಸಲಹಾಮಂಡಳಿಯ ಗುರುಗಳು, ಬೇಕೆನಿಸಿದರೆ ಇತರ ಗುರುಗಳು ಮತ್ತು ತಿಳಿವಳಿಕಸ್ಥ ಶ್ರೀಸಾಮಾನ್ಯರು. ಪ್ರಶ್ನಾವಳಿ ಲಕೋಟೆಯಲ್ಲಿ ಬರುತ್ತದೆ. ಬಂದದ್ದನ್ನು ಯಾರಿಗೂ ಹೇಳಬಾರದು, ಅಭ್ಯರ್ಥಿಗಂತೂ ಹೇಳಲೇಬಾರದು; ಅದು ಪೋಪ್ ಹೆಸರಿನ ಗೌಪ್ಯತೆ. ಕೊನೆಗೆ ಮೂರು ಹೆಸರು ರೋಮ್‌ಗೆ. ಭಾರತದ ಲ್ಯಾಟಿನ್ ಧರ್ಮಕ್ಷೇತ್ರಗಳು ಸುವಾರ್ತಾ ಪ್ರಸಾರದ ಇಲಾಖೆಯ ಕೆಳಗಿವೆ, ಕಡತ ಅಲ್ಲಿಂದ ಪೋಪರ ಮೇಜಿಗೆ. ಮೂವರನ್ನೂ ಬಿಟ್ಟು ನಾಲ್ಕನೆಯವರನ್ನು ಆರಿಸುವ ಸ್ವಾತಂತ್ರ್ಯ ಪೋಪರಿಗಿದೆ. ಸರ್ಕಾರಕ್ಕೆ ಇದರಲ್ಲಿ ಯಾವ ಹಕ್ಕೂ ಇಲ್ಲವೆಂದು ಸಂಹಿತೆಯೇ ಹೇಳಿದೆ.

ಘೋಷಣೆ ರೋಮ್‌ನ ನಡುಮಧ್ಯಾಹ್ನ 12ಕ್ಕೆ. ನಮ್ಮ ಗಡಿಯಾರದಲ್ಲಿ ಅವರ ಬೇಸಿಗೆಯಾದರೆ 3.30, ಚಳಿಗಾಲವಾದರೆ 4.30. ಅದಕ್ಕೂ ಮುಂಚೆ ವಾಟ್ಸ್‌ಆ್ಯಪಿನಲ್ಲಿ ಓಡಾಡುವ ಹೆಸರು ಊಹೆ ಮಾತ್ರ, ಕೆಲವೊಮ್ಮೆ ಒಬ್ಬ ಒಳ್ಳೆಯ ಗುರುವಿನ ಹೆಸರು ಕೆಡಿಸುವ ಉಪಾಯ. ಇನ್ನೂ ಬಿಷಪ್ ಆಗದ ಗುರು ಪೋಪರ ಪತ್ರ ತಲುಪಿದ ಮೂರು ತಿಂಗಳಲ್ಲಿ ದೀಕ್ಷೆ ಪಡೆಯಬೇಕು, ನಾಲ್ಕು ತಿಂಗಳಲ್ಲಿ ಅಧಿಕಾರ ವಹಿಸಿಕೊಳ್ಳಬೇಕು. ಈಗಾಗಲೇ ಬಿಷಪ್ ಆದವರಿಗೆ ಎರಡೇ ತಿಂಗಳು.

75 ತುಂಬಿದರೆ ನಿವೃತ್ತಿ ಎಂಬುದೂ ಅರ್ಧ ಸತ್ಯ. 75 ತುಂಬಿದಾಗ ರಾಜೀನಾಮೆ ಸಲ್ಲಿಸಬೇಕು; ಒಪ್ಪುವುದು ಯಾವಾಗ ಎಂಬುದು ಪೋಪರಿಗೆ ಬಿಟ್ಟದ್ದು. ಬರ್ನಾರ್ಡ್ ಮೊರಾಸ್ ಹುಟ್ಟಿದ್ದು 1941ರ ಆಗಸ್ಟ್‌ನಲ್ಲಿ, ಅವರ ಜಾಗಕ್ಕೆ ನೇಮಕವಾದದ್ದು 2018ರ ಮಾರ್ಚ್ 19ರಂದು, 76 ದಾಟಿ ಏಳು ತಿಂಗಳಾಗಿತ್ತು. ಮಚಾಡೊ ಅವರಿಗೆ 75 ತುಂಬುವುದು 2029ರ ಮೇ ತಿಂಗಳಲ್ಲಿ.

ರಾಜೀನಾಮೆ ಒಪ್ಪಿದ ದಿನವೇ ಹೊಸಬರು ಸಿಗದಿದ್ದರೆ ಧರ್ಮಕ್ಷೇತ್ರ ಖಾಲಿ. ಸಲಹಾಮಂಡಳಿಯ ಗುರುಗಳು ಎಂಟು ದಿನದೊಳಗೆ 35 ದಾಟಿದ ಒಬ್ಬರನ್ನು ಆಡಳಿತಾಧಿಕಾರಿಯಾಗಿ ಆರಿಸಬೇಕು. ಆಗಲಿಲ್ಲವೆಂದರೆ ಆಯ್ಕೆ ಆರ್ಚ್‌ಬಿಷಪರ ಕೈಗೆ ಹೋಗುತ್ತದೆ. ಕೆಲವು ಸಲ ರೋಮ್ ತಾನೇ ನೇಮಿಸುತ್ತದೆ. 2023ರ ಜನವರಿಯಲ್ಲಿ ಮೈಸೂರಿನ ಬಿಷಪ್ ರಜೆಯ ಮೇಲೆ ಹೋದಾಗ ರೋಮ್ ಕಳಿಸಿದ್ದು ನಿವೃತ್ತರಾಗಿದ್ದ ಮೊರಾಸ್ ಅವರನ್ನು, ಹಾಲಿ ಆರ್ಚ್‌ಬಿಷಪರನ್ನಲ್ಲ. ಬೆಂಗಳೂರಿನ ಪೀಠದಲ್ಲಿ ಇರುವುದರಿಂದಲೇ ಅಕ್ಕಪಕ್ಕದ ಧರ್ಮಕ್ಷೇತ್ರ ಕೈಗೆ ಬರುವುದಿಲ್ಲ ಎನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಖಾಲಿ ಇರುವ ಕಾಲದಲ್ಲಿ ಹೊಸದೇನೂ ಮಾಡಬಾರದು ಎಂಬುದು ನಿಯಮ. ಆಸ್ತಿ ವಿಷಯದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಚರ್ಚಿನ ಜಮೀನನ್ನು ಬಿಷಪರೇ ಆದರೂ ಒಬ್ಬರೇ ಮಾರುವಂತಿಲ್ಲ. ಬಿಷಪರ ಒಕ್ಕೂಟ ನಿಗದಿ ಮಾಡಿದ ಕೆಳಮಿತಿ ದಾಟಿದರೆ ಹಣಕಾಸು ಸಮಿತಿ, ಸಲಹಾಮಂಡಳಿ ಎರಡರ ಒಪ್ಪಿಗೆಯೂ ಬೇಕು. ಮೇಲ್ಮಿತಿ ದಾಟಿದರೆ ರೋಮ್‌ನ ಅನುಮತಿಯೂ ಬೇಕು. ನಗರದೊಳಗಿನ ಹಳೆಯ ಮಿಷನ್ ಜಾಗದ ಮೇಲೆ ಕಣ್ಣಿಟ್ಟವರು ಕಾಯುವುದು ಇಂಥ ಖಾಲಿ ತಿಂಗಳುಗಳನ್ನೇ. ಪ್ಯಾರಿಷ್ ಕೌನ್ಸಿಲಿನಲ್ಲಿ ಇರುವವರು ಆ ಸಮಯದಲ್ಲಿ ಕೇಳಬೇಕಾದ ಕಾಗದ ಎರಡು: ಎರಡೂ ಸಮಿತಿಗಳ ನಡಾವಳಿ ಪ್ರತಿ, ಸ್ವತಂತ್ರ ಮೌಲ್ಯಮಾಪಕರ ಲಿಖಿತ ಬೆಲೆ ಪಟ್ಟಿ. ಆ ಒಪ್ಪಿಗೆಗಳನ್ನೂ ಲಿಖಿತ ಮೌಲ್ಯಮಾಪನವನ್ನೂ ಸಂಹಿತೆಯೇ ಕೇಳುತ್ತದೆ, ಕೇಳಿದವರನ್ನು ಯಾರೂ ತಕರಾರಿನವರು ಎನ್ನಲಾಗದು.

ಶ್ರೀಸಾಮಾನ್ಯರು ರಾಯಭಾರಿಗೆ ಬರೆಯಬಹುದೇ? ಬರೆಯಬಹುದು. ತಮ್ಮ ಅಗತ್ಯ, ಅನಿಸಿಕೆಗಳನ್ನು ಪಾಲಕರಿಗೆ ತಿಳಿಸುವ ಹಕ್ಕನ್ನು 212ನೆಯ ವಿಧಿ ಕೊಟ್ಟಿದೆ. ಆದರೆ ಇಂಥವರನ್ನೇ ಮಾಡಿ ಎಂದು ನೂರು ಸಹಿ ಹಾಕಿಸಿದ ಪತ್ರ ಆ ವ್ಯಕ್ತಿಗೇ ಹಾನಿ ಮಾಡುತ್ತದೆ, ಗುಂಪು ಕಟ್ಟಿದವರು ಎಂಬ ಮುದ್ರೆ ಬೀಳುತ್ತದೆ. ಕೆಲಸಕ್ಕೆ ಬರುವ ಪತ್ರ ಬೇರೆ ಬಗೆಯದು. ಒಂದೂವರೆ ಪುಟ, ಒಬ್ಬರ ಸಹಿ, ಪೂರ್ತಿ ವಿಳಾಸ. ಧರ್ಮಕೇಂದ್ರದಲ್ಲಿ ಎಷ್ಟು ಕುಟುಂಬ, ಯಾವ ಭಾಷೆಯಲ್ಲಿ ಪೂಜೆ, ಹಳ್ಳಿಗಳಲ್ಲಿ ತಿಂಗಳಿಗೆ ಎಷ್ಟು ಸಲ ಪೂಜೆ ಸಿಗುತ್ತದೆ, ಎಷ್ಟು ಮಕ್ಕಳು ಯಾವ ತರಗತಿಗೆ ಶಾಲೆ ಬಿಡುತ್ತಾರೆ, ಕಳೆದ ಹತ್ತು ವರ್ಷದಲ್ಲಿ ಊರಿನಿಂದ ಎಷ್ಟು ಹುಡುಗರು ಸೆಮಿನರಿಗೆ ಹೋದರು, ಎಷ್ಟು ಜನ ಉಳಿದರು. ಹೆಸರು ಬೇಡ, ಊರಿನ ಸ್ಥಿತಿ ಬರೆಯಿರಿ. ಸ್ಥಾನ ಖಾಲಿಯಾಗುವವರೆಗೆ ಕಾಯಬೇಕೆಂದೂ ಇಲ್ಲ. ಖಾಲಿಯಾದದ್ದು ಗೊತ್ತಾಗುವುದು ಪೂಜೆಯಲ್ಲೇ: ಅವತ್ತಿನ ಪ್ರಾರ್ಥನೆಯಲ್ಲಿ ಪೋಪ್ ಹೆಸರು ಬರುತ್ತದೆ, ಬಿಷಪ್ ಹೆಸರಿನ ಜಾಗದಲ್ಲಿ ಫಾದರ್ ಯಾರನ್ನೂ ಹೆಸರಿಸದೆ ಮುಂದಿನ ಸಾಲಿಗೆ ಹೋಗುತ್ತಾರೆ.